ಹೆಗಲು ಕೊಟ್ಟವನಿಗೆ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಆಯಿಯ ವರ್ಷಾಂತಕ್ಕೆ ಬಂದಿದ್ದೆಯಲ್ಲ, ಹೊರಡುವಾಗ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಾ ಒಂದು ಮಾತು ಹೇಳಿದೆ. "ಪಾಪ, ಅಣ್ಣನ ಮುಖ ನೋಡೋಕೂ ನಿನಗೆ ಆಗಲಿಲ್ಲ. ಹಡಗಿನವರು ಬಿಡಲಿಲ್ಲ ಅಂತ ಆಯಿ ಕೊನೇವರೆಗೂ ಹೇಳ್ತಿದ್ದಳು" ಅಂದೆ. ನಾನು ತಲೆ ಆಡಿಸಿದೆ. 26 ವರ್ಷದಿಂದ ಹಾಗೇ ತಲೆ ಆಡಿಸುತ್ತಾ ಬಂದಿದ್ದೇನೆ. ನೀನು ಹೋದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹಿತ್ತಲ ಬಾಗಿಲಲ್ಲಿ ಕೂತೆ. ಸಮುದ್ರದ ಸದ್ದು ಮನೆವರೆಗೂ ಬರುತ್ತಿತ್ತು.

ಅದು ಸುಳ್ಳು ಮಾರಾಯ. ಹಡಗಿನವರು ಬಿಟ್ಟಿದ್ದರು. ನಾನೇ ಬರಲಿಲ್ಲ.

ಇದನ್ನು ನಿನಗೊಬ್ಬನಿಗೇ ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಊರಿಗೆ ಊರೇ ಆ ಸುಳ್ಳನ್ನು ನಂಬಿ ನನಗೆ ಮರುಗಿದೆ. ಅದಕ್ಕೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಆಯಿ ಇದ್ದಾಗ ಧೈರ್ಯ ಬರಲಿಲ್ಲ. ಈಗ ಅಪ್ಪನೂ ಇಲ್ಲ, ಆಯಿಯೂ ಇಲ್ಲ.

1999ರ ಜೂನ್ ಕೊನೆ. ಕಾರ್ಗಿಲ್ ಯುದ್ಧ ನಡೆಯುತ್ತಿತ್ತು, ಮಿಲಿಟರಿಯಲ್ಲಿದ್ದ ಅಣ್ಣ ಅಲ್ಲಿದ್ದ. ನಮ್ಮ ಹಡಗು ಬ್ರೆಜಿಲ್‌ನ ಸಾಂತೋಸ್ ಬಂದರಿನಲ್ಲಿ ಸಕ್ಕರೆ ತುಂಬಿಸಿಕೊಳ್ಳುತ್ತಿತ್ತು. ಸಕ್ಕರೆಗೆ ನೀರು ತಾಗಬಾರದು ನೋಡು, ನಾಲ್ಕು ಹನಿ ಮಳೆ ಬಿದ್ದರೂ ಹ್ಯಾಚ್ ಮುಚ್ಚಿ ಎಲ್ಲರೂ ಕಾಯಬೇಕು. ಅವತ್ತು ಮಳೆ ಬಂದು ಕೆಲಸ ನಿಂತಿತ್ತು. ನಾನು ಇಂಜಿನ್ ರೂಮಿನಲ್ಲಿ ಆಯಿಲರ್. ಕ್ಯಾಪ್ಟನ್ ಮೇಲೆ ಬರಲು ಹೇಳಿದರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಅಣ್ಣನ ಹೆಸರು, ದ್ರಾಸ್ ಎಂಬ ಊರಿನ ಹೆಸರು, ಎರಡು ಸಾಲು. ನನ್ನ ಬೆರಳಿನ ಗ್ರೀಸ್ ಆ ಹಾಳೆಗೆ ತಾಗಿ, ಅಣ್ಣನ ಹೆಸರಿನ ಪಕ್ಕ ಕಪ್ಪು ಗುರುತು ಬಿತ್ತು. ಅದನ್ನು ಒರೆಸಲು ಹೋದೆ, ಇನ್ನೂ ಜಾಸ್ತಿ ಹರಡಿತು.

ಕ್ಯಾಪ್ಟನ್ ಒಳ್ಳೆಯ ಮನುಷ್ಯ. "ಇವತ್ತು ಸಂಜೆಯೇ ಕಳಿಸ್ತೇವೆ. ಸಾವೊ ಪೌಲೋಗೆ ಹೋಗಿ ವಿಮಾನ ಹತ್ತು. ದೇಹ ಊರು ಮುಟ್ಟೋಕೆ ನಾಲ್ಕೈದು ದಿನ ಆಗ್ತದೆ, ಅಷ್ಟರಲ್ಲಿ ನೀನೂ ಮುಟ್ಟುತ್ತೀಯ" ಅಂದರು. ನಾನು "ಬೇಡ ಸರ್" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದರು. ಮತ್ತೆ "ಬೇಡ" ಅಂದೆ. ಕೆಳಗೆ ಹೋಗಿ ನನ್ನ ಪಾಳಿಯ ಕೆಲಸ ಮುಗಿಸಿದೆ. ಇಂಜಿನ್ ರೂಮಿನ ಗದ್ದಲದಲ್ಲಿ ಎಷ್ಟು ಜೋರಾಗಿ ಅತ್ತರೂ ಯಾರಿಗೂ ಕೇಳುವುದಿಲ್ಲ.

ಆಮೇಲೆ ಬಂದರಿನ ಬೂತಿನಿಂದ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಆಗ ಫೋನ್ ಇರಲಿಲ್ಲ, ಅಂಗಡಿಗೆ ಮಾಡಬೇಕಿತ್ತು. ಎತ್ತಿದವನು ನೀನು. ನಿನಗೆ ನೆನಪಿದೆಯಾ? "ಯಾವಾಗ ಬರ್ತೀಯಾ?" ಅಂತ ಕೇಳಿದೆ. "ಬಿಡ್ತಾ ಇಲ್ಲ ಕಣೋ" ಅಂದೆ ನಾನು. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ನಾನಿದ್ದೇನೆ" ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಯಾಕೆ ಬರಲಿಲ್ಲ ಅಂದರೆ ಒಂದೇ ಕಾರಣ ಹೇಳಲು ಆಗುವುದಿಲ್ಲ. ಮುಂಬೈಯಲ್ಲಿ ನನ್ನ ಟ್ರೇನಿಂಗಿಗೆ ಫೀಸು ಕಟ್ಟಿದವನು ಅಣ್ಣ. ಅವನು ಮಿಲಿಟರಿ ಲಾರಿ ಓಡಿಸಿದ ದುಡ್ಡಿನಲ್ಲಿ ನಾನು ಹಡಗು ಹತ್ತಿದೆ. ಅವನ ಪೆಟ್ಟಿಗೆ ಅಂಗಳದಲ್ಲಿ ಇಳಿಯುವಾಗ ಆಯಿ ನನ್ನ ಮುಖ ನೋಡುತ್ತಾಳಲ್ಲ, ಆ ನೋಟವನ್ನು ಎದುರಿಸಲು ನನ್ನಿಂದ ಆಗುತ್ತಿರಲಿಲ್ಲ. ಆಯಿ ಏನೂ ಅನ್ನುತ್ತಿರಲಿಲ್ಲ. ಅದು ಈಗ ಗೊತ್ತು. 24 ವರ್ಷದವನಿಗೆ ಗೊತ್ತಿರಲಿಲ್ಲ.

ನಾವು ಮೂವರೂ ಸಣ್ಣವರಿದ್ದಾಗ ರಾಣೆಯವರ ಆಟ ಆಡುತ್ತಿದ್ದೆವಲ್ಲ? ಪಕ್ಕದ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬು ತೆಗೆದು, ಅಡ್ಡ ಬಿದ್ದಿದ್ದನ್ನೆಲ್ಲ ಸರಿಸಿ, ಟ್ಯಾಂಕುಗಳಿಗೆ ದಾರಿ ಮಾಡಿ ಪರಮವೀರ ಚಕ್ರ ಪಡೆದವರು. ಗುಂಡು ಹಾರುತ್ತಿದ್ದಾಗ ಅವರು ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಎರಡು ಹಗ್ಗ ಹಿಡಿದು ಒಳಗಿನ ಡ್ರೈವರ್‌ಗೆ ಸನ್ನೆ ಮಾಡುತ್ತಿದ್ದರಂತೆ. ಅಣ್ಣನಿಗೆ ಆ ಹಗ್ಗದ ಕಥೆಯೆಂದರೆ ಪ್ರಾಣ. ಎತ್ತಿನ ಗಾಡಿಯ ಅಡಿಗೆ ತೂರಿ ಅವನೇ ರಾಣೆ ಆಗುತ್ತಿದ್ದ. ನಾನು ಮೇಲೆ ಕೂತ ಡ್ರೈವರ್, ನನ್ನ ಎರಡೂ ಕೈಗೆ ಬಾಳೆನಾರಿನ ಹಗ್ಗ. ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ನೀನು ಗೇರುಮರ ಹತ್ತಿ ಗೇರುಹಣ್ಣು ಎಸೆಯುವ ಶತ್ರು. ಅಂಗಿಗೆ ಬಿದ್ದ ಗೇರುಹಣ್ಣಿನ ಕಲೆ ಹೋಗುವುದೇ ಇಲ್ಲ ಅಂತ ಆಯಿ ಮೂವರಿಗೂ ಸೇರಿಸಿ ಬಯ್ಯುತ್ತಿದ್ದಳು.

ಕೊನೆಗೆ ಡ್ರೈವರ್ ಆದವನು ಅಣ್ಣ. ಸೈನ್ಯಕ್ಕೆ ಸಾಮಾನು ಮುಟ್ಟಿಸುವ ಎ.ಎಸ್.ಸಿ. (ಆರ್ಮಿ ಸರ್ವಿಸ್ ಕೋರ್) ವಿಭಾಗದ ಬೆಂಗಳೂರು ಸೆಂಟರಿನಲ್ಲಿ ಕಲಿತ. ಗುಡ್ಡ ಹತ್ತಿ ಯುದ್ಧ ಮಾಡಿದವರ ಬಗ್ಗೆ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಆದರೆ ಅವರಿಗೆ ಗುಂಡು, ಹಿಟ್ಟು, ಸೀಮೆಎಣ್ಣೆ ಮುಟ್ಟಿಸಿದವರು ಲಾರಿಯವರು. ಶ್ರೀನಗರದಿಂದ ಝೋಜಿ ಲಾ ದಾಟಿ ದ್ರಾಸ್, ಕಾರ್ಗಿಲ್, ಲೇಹ್‌ಗೆ ಹೋಗುವ ಆ ಒಂದು ರಸ್ತೆ ಎದುರಾಳಿಯ ಕಣ್ಣೆದುರೇ ಇತ್ತು. ಮೇಲೆ ಕೂತವನು ಲಾರಿ ನೋಡಿ ಫಿರಂಗಿಗೆ ಗುರಿ ಹೇಳುತ್ತಿದ್ದ. ಅದಕ್ಕೆ ರಾತ್ರಿ ಹೊತ್ತು ಹೆಡ್‌ಲೈಟ್ ಆರಿಸಿ ಓಡಿಸಬೇಕಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಹಿಂದೆ ಮದ್ದುಗುಂಡಿನ ಲೋಡು. ಜೂನ್ 13ಕ್ಕೆ ತೋಲೋಲಿಂಗ್ ಗುಡ್ಡ ನಮ್ಮ ಕೈಗೆ ಬಂತು. ಟೈಗರ್ ಹಿಲ್ ಬಂದಿದ್ದು ಜುಲೈ 4ಕ್ಕೆ. ಆ ನಡುವಿನ ಒಂದು ರಾತ್ರಿ ಅಣ್ಣನ ಲಾರಿಗೆ ಶೆಲ್ ಬಿತ್ತು.

ಮೇ ತಿಂಗಳಲ್ಲಿ ಅವನು ರಜೆಗೆ ಬಂದಿದ್ದ. ನಾನೂ ಹಡಗಿಗೆ ಹೊರಡುವವನಿದ್ದೆ. ಕರಿ ಈಶಾಡ ಮಾವಿನ ಹಣ್ಣಿನ ಕಾಲ. ಯೂನಿಟ್‌ನವರಿಗೆ ಕೊಡಬೇಕು ಅಂತ ಒಂದು ಬುಟ್ಟಿ ಕಟ್ಟಿಸಿದ. "ಅದರ ಸಿಪ್ಪೆ ತೆಳು, ಪುಣೆ ದಾಟುವುದರೊಳಗೆ ಕೊಳೆಯುತ್ತದೆ" ಅಂತ ಅಪ್ಪ ಹೇಳಿದರೂ ಕೇಳಲಿಲ್ಲ. ಒಂದೊಂದು ಹಣ್ಣನ್ನೂ ಒಣಹುಲ್ಲಿನಲ್ಲಿ ಸುತ್ತಿ ಇಟ್ಟ, ಕೂಸು ಮಲಗಿಸಿದ ಹಾಗೆ. ರಜೆ ಮುಗಿಯುವ ಮೊದಲೇ ವಾಪಸ್ ಕರೆದರು. ಕೊಂಕಣ ರೈಲು ಶುರುವಾಗಿ ಇನ್ನೂ ಎರಡು ವರ್ಷ ಆಗಿರಲಿಲ್ಲ. ಕಾರವಾರ ಸ್ಟೇಷನ್ನಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿ ಕೂತಿದ್ದ. ನಾನು ಅವನನ್ನು ಕೊನೆಯ ಸಲ ನೋಡಿದ್ದು ಹಾಗೆ. ಹಣ್ಣು ಮುಟ್ಟಿತೋ ಇಲ್ಲವೋ, ತಿಳಿಯಲೇ ಇಲ್ಲ.

ಆಮೇಲೆ ನಾನು ಪ್ರಪಂಚ ಸುತ್ತಿದೆ. ಎಷ್ಟು ದೇಶ ನೋಡಿದ್ದೀಯ, ಪುಣ್ಯವಂತ ಅಂತ ಊರವರು ಹೇಳುವಾಗ ನಗುತ್ತಿದ್ದೆ. ಬಂದರು ಸಿಕ್ಕಾಗ ಜೊತೆಯವರು ಬೂಟು, ಸೆಂಟು ತರಲು ಪೇಟೆಗೆ ಹೋಗುತ್ತಿದ್ದರು. ನಾನು ಸೈನಿಕರ ಸ್ಮಶಾನ ಎಲ್ಲಿದೆ ಅಂತ ಕೇಳುತ್ತಿದ್ದೆ. ಸಿಂಗಾಪುರದ ಕ್ರಾಂಜಿಯಲ್ಲಿ ಗೋಡೆಗಳ ಮೇಲೆ 24,000ಕ್ಕೂ ಜಾಸ್ತಿ ಹೆಸರು, ಅದರಲ್ಲಿ ನಮ್ಮವರದು ಸಾಲು ಸಾಲು. ಇಸ್ರೇಲಿನ ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್, ಜೋಧಪುರದವರ ಜೊತೆ ಕುದುರೆ ಮೇಲೆ ನುಗ್ಗಿ ಊರನ್ನು ಗೆದ್ದ ಜಾಗ. ಎಲ್ಲ ಕಡೆ ಸುಮ್ನೆ ನಿಂತು ಬರುತ್ತಿದ್ದೆ. ಹೂವು ಇಡುತ್ತಿರಲಿಲ್ಲ. ಬೇರೆಯವರ ಅಣ್ಣಂದಿರಿಗೆ ಹೂವು ಇಡಲು ನನಗೇನು ಹಕ್ಕು ಅನ್ನಿಸುತ್ತಿತ್ತು.

ಸೂಯೆಜ್ ಕಾಲುವೆ ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಅದರ ದಕ್ಷಿಣದ ಬಾಯಲ್ಲಿ, ಪೋರ್ಟ್ ತೌಫೀಕ್‌ನಲ್ಲಿ, 1926ರಲ್ಲಿ ಭಾರತದ ಸೈನಿಕರಿಗಾಗಿ ದೊಡ್ಡ ಸ್ಮಾರಕ ಕಟ್ಟಿದ್ದರು. ಮೊದಲ ಮಹಾಯುದ್ಧದಲ್ಲಿ ಆ ಕಡೆ ಸತ್ತ ಸುಮಾರು 4,000 ಜನರ ನೆನಪಿಗೆ, ಕಲ್ಲಿನ ಹುಲಿಗಳೂ ಇದ್ದವಂತೆ. ಈಜಿಪ್ಟ್ ಮತ್ತು ಇಸ್ರೇಲ್ ಹೊಡೆದಾಡಿದಾಗ ಅದು ಹಾಳಾಗಿ ಹೋಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನಲ್ಲಿ ಅವರಿಗೆ ಬೇರೆ ಸ್ಮಾರಕ ಮಾಡಿದರು. ಒಂದು ಯುದ್ಧದಲ್ಲಿ ಸತ್ತವರ ಕಲ್ಲನ್ನು ಇನ್ನೊಂದು ಯುದ್ಧ ಒಡೆಯಿತು. ಇದು ಗೊತ್ತಾದ ಮೇಲೆ ಸೂಯೆಜ್ ಬಂದಾಗಲೆಲ್ಲ ಕೆಳಗಿನಿಂದ ಡೆಕ್ಕಿಗೆ ಬಂದು ಆ ದಂಡೆಯ ಕಡೆ ನೋಡುತ್ತಿದ್ದೆ.

ಟರ್ಕಿಯ ಚನಕ್ಕಲೆ ಜಲಸಂಧಿಯಲ್ಲಿ ಇನ್ನೊಂದಿದೆ. 1915ರಲ್ಲಿ ಅಲ್ಲಿ ಎರಡೂ ಕಡೆ ಲೆಕ್ಕವಿಲ್ಲದಷ್ಟು ಹುಡುಗರು ಸತ್ತರು. ಗುಡ್ಡದ ಮೇಲೆ ಒಬ್ಬ ಸೈನಿಕನ ಚಿತ್ರ, ಪಕ್ಕದಲ್ಲಿ ಹಡಗಿನಿಂದಲೇ ಕಾಣುವಷ್ಟು ದೊಡ್ಡ ಬಿಳಿ ಅಕ್ಷರ. "ನಿಲ್ಲು ಪ್ರಯಾಣಿಕ" ಅಂತ ಅದರ ಅರ್ಥ ಎಂದು ಹಡಗಿನ ಟರ್ಕಿ ಅಡುಗೆಯವನು ಹೇಳಿದ. ಬೆಳಗಿನ ಜಾವ ಅದನ್ನು ಓದುತ್ತಾ ನಿಂತಿದ್ದೆ. ಹಡಗು ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ಬೆಲ್ಜಿಯಂನ ಈಪರ್ ಎಂಬ ಊರಿನ ಬಗ್ಗೆ ನಿನಗೆ ಹೇಳಲೇಬೇಕು. 2007ರಲ್ಲಿ ನಮ್ಮ ಹಡಗು ಆಂಟ್ವರ್ಪ್‌ನಲ್ಲಿ ರಿಪೇರಿಗೆ ನಿಂತಿತ್ತು, ರೈಲು ಹಿಡಿದು ಹೋದೆ. ಅಲ್ಲಿ ಮೆನಿನ್ ಗೇಟ್ ಅಂತ ದೊಡ್ಡ ಕಮಾನು. 54,000ಕ್ಕೂ ಜಾಸ್ತಿ ಹೆಸರು ಕೆತ್ತಿದ್ದಾರೆ, ಎಲ್ಲ ಮೊದಲ ಮಹಾಯುದ್ಧದಲ್ಲಿ ಸತ್ತು ಸಮಾಧಿಯೂ ಸಿಗದವರದು. ನಮ್ಮ ದೇಶದವರೂ ಇದ್ದಾರೆ. ದಿನಾ ರಾತ್ರಿ ಎಂಟಕ್ಕೆ ರಸ್ತೆ ನಿಲ್ಲಿಸಿ ಬ್ಯೂಗಲ್ ಊದುತ್ತಾರೆ, 1928ರಿಂದಲೂ. ಜರ್ಮನ್ನರು ಊರು ಹಿಡಿದಿದ್ದ ವರ್ಷಗಳಲ್ಲಿ ಮಾತ್ರ ಅಲ್ಲಿ ನಿಂತಿತ್ತು. 1944ರಲ್ಲಿ ಊರು ಬಿಡುಗಡೆಯಾದ ದಿನ ಸಂಜೆಯೇ ಮತ್ತೆ ಊದಿದರಂತೆ.

ಗೋಡೆಯಲ್ಲಿ ಒಂದು ಸಣ್ಣ ಲೋಹದ ಬಾಗಿಲು ಇತ್ತು. ತೆರೆದರೆ ಒಳಗೆ ಪುಸ್ತಕ, ಹೆಸರುಗಳ ಪಟ್ಟಿ. ಹಾಳೆಯ ಮೂಲೆಗಳು ಬೆರಳು ತಾಗಿ ತಾಗಿ ಮೆತ್ತಗಾಗಿದ್ದವು. ಹೆಸರಿನ ಮುಂದೆ ಇಂಥವರ ಮಗ, ಇಂಥವಳ ಗಂಡ, ಇಂಥ ಊರು. ಹಾಳೆ ಮಗುಚುತ್ತಾ ಹೋದೆ. ಮಗ, ಮಗ, ಗಂಡ, ಮಗ. ಇಂಥವನ ಅಣ್ಣ ಅಂತ ಬರೆದದ್ದು ಕಣ್ಣಿಗೆ ಬೀಳಲೇ ಇಲ್ಲ. ಊರಿನಲ್ಲೂ ಹಾಗೇ ಅಲ್ವಾ? ಸಿಕ್ಕವರೆಲ್ಲ "ಅಪ್ಪ ಹೇಗಿದ್ದಾರೆ, ಆಯಿಯನ್ನು ನೋಡಿಕೋ" ಅನ್ನುತ್ತಿದ್ದರು. ಸರಿಯೇ. ಮಗನನ್ನು ಕಳೆದುಕೊಂಡವರ ಮುಂದೆ ತಮ್ಮನ ದುಃಖ ಯಾರ ಲೆಕ್ಕಕ್ಕೆ ಬರುತ್ತದೆ? ಆದರೆ ಬಾಳೆನಾರಿನ ಹಗ್ಗ ಕಟ್ಟಿದ್ದು ನನ್ನ ಕೈಗೆ. ಆ ಬಾಗಿಲ ಮುಂದೆ ನಿಂತು ಅತ್ತೆ, ಇಂಜಿನ್ ಸದ್ದು ಇಲ್ಲದ ಜಾಗದಲ್ಲಿ ಮೊದಲ ಸಲ. ಒಬ್ಬ ಮುದುಕಿ ಬಂದು ಏನೂ ಕೇಳದೆ ನನ್ನ ಪಕ್ಕ ನಿಂತಳು. ಬ್ಯೂಗಲ್ ಮುಗಿಯುವವರೆಗೂ ನಿಂತಿದ್ದಳು.

ಅವತ್ತೇ ಒಂದು ವಿಷಯ ಎದೆಗೆ ಒದ್ದ ಹಾಗಾಯಿತು. ಈ 54,000 ಜನರ ಮನೆಯವರಿಗೆ ನೋಡಲು ದೇಹವೇ ಸಿಗಲಿಲ್ಲ. ನನ್ನ ಅಣ್ಣ ಅಷ್ಟು ದೂರದಿಂದ ಮನೆ ಬಾಗಿಲಿಗೆ ಬಂದಿದ್ದ. ನಾನು ಇರಲಿಲ್ಲ.

ದ್ರಾಸ್‌ಗೆ ಹೋಗಲು 2018 ಬರಬೇಕಾಯಿತು. ತೋಲೋಲಿಂಗ್ ಬುಡದಲ್ಲೇ ಸ್ಮಾರಕ. ಆ ಯುದ್ಧದಲ್ಲಿ ನಮ್ಮ 527 ಜನ ಹೋದರು. ರಸ್ತೆ ಎದುರಿಗೇ ಇದೆ, ಲಾರಿಗಳು ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತಿದ್ದವು. ಗುಡ್ಡ ನೋಡಿದೆ, ರಸ್ತೆ ನೋಡಿದೆ. ಇಷ್ಟು ಹತ್ತಿರವಾ ಅನ್ನಿಸಿತು. ಗೋಡೆಯಲ್ಲಿ ಅಣ್ಣನ ಹೆಸರು ಸಿಕ್ಕಿತು. ಬೆರಳು ಇಟ್ಟೆ, ಒಂದೊಂದು ಅಕ್ಷರದ ಮೇಲೂ. ಅಲ್ಲಿದ್ದ ಒಬ್ಬ ಸೈನಿಕ, ಇನ್ನೂ ಮೀಸೆ ಸರಿಯಾಗಿ ಬಂದಿರದ ಹುಡುಗ, "ಏನಾಗಬೇಕು ನಿಮಗೆ?" ಅಂತ ಹಿಂದಿಯಲ್ಲಿ ಕೇಳಿದ. ಅಣ್ಣ ಅಂದೆ. ಟೋಪಿ ಸರಿಮಾಡಿಕೊಂಡು ನನಗೆ ಸೆಲ್ಯೂಟ್ ಹೊಡೆದ. "ಊರಿನಲ್ಲಿ ಅಂತ್ಯಕ್ರಿಯೆ ದೊಡ್ಡದಾಗಿ ಆಗಿರಬೇಕು, ಅಲ್ವಾ ಸರ್?" ಅಂದ. "ಹೌದು, ನಾನೇ ಹೆಗಲು ಕೊಟ್ಟೆ" ಅಂದೆ.

ಅಣ್ಣನ ಹೆಸರಿನ ಮುಂದೆ ನಿಂತು ಹಾಗೆ ಹೇಳಿದೆ ಗೆಳೆಯಾ. ನಿನ್ನ ಹೆಗಲನ್ನು ನನ್ನದು ಅಂದೆ.

ಈಗ ಹಡಗು ಬಿಟ್ಟು ಬಂದಿದ್ದೇನೆ. ಸಂಜೆ ಹೊತ್ತು ಕಾರವಾರದ ಬೀಚಿಗೆ ಹೋಗಿ ರಾಣೆಯವರ ಪ್ರತಿಮೆಯ ಹತ್ತಿರ ಕೂರುತ್ತೇನೆ. ಮಕ್ಕಳು ಪಕ್ಕದ ಯುದ್ಧನೌಕೆ ಮ್ಯೂಸಿಯಂ ನೋಡಲು ಓಡುತ್ತವೆ. ಇಷ್ಟು ದೇಶ ಸುತ್ತಿ ಸಾವಿರಾರು ಜನರ ಹೆಸರು ಓದಿದೆ. ನಮ್ಮ ಅಂಗಳದಲ್ಲಿ ಆ ದಿನ ಏನಾಯಿತು ಅಂತ ಮಾತ್ರ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ನೀನು ನನ್ನ ಕಣ್ಣು ನೋಡುತ್ತೀಯ, ಸುಳ್ಳು ಗೊತ್ತಾಗುತ್ತದೆ ಅಂತ ಹೆದರಿಕೆ. ನೀನು ಮಾಸ್ತರಾಗಿ ಶಿರಸಿಗೆ ಹೋದಾಗ ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಶನಿವಾರ ಬೆಳಿಗ್ಗೆ ಹೊರಟು ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಿ ಬರುತ್ತೇನೆ. ಬಯ್ಯುವುದಿದ್ದರೆ ಬಾಗಿಲಲ್ಲೇ ಬಯ್ಯಿ, ಕೇಳಿಸಿಕೊಳ್ಳುತ್ತೇನೆ. ಆಮೇಲೆ ಜಗಲಿಯಲ್ಲಿ ಕೂತು ನನಗೆ ಎಲ್ಲ ಹೇಳು. ಪೆಟ್ಟಿಗೆ ಬಂದಾಗ ಕಾಳಿ ಸೇತುವೆಯವರೆಗೂ ಹೋಗಿದ್ದವರು ಯಾರ್‍ಯಾರು? ಮುಚ್ಚಳ ತೆಗೆದರಾ, ಆಯಿಗೆ ಮುಖ ತೋರಿಸಿದರಾ? ಅಷ್ಟು ಮಳೆಯಲ್ಲಿ ಬೆಂಕಿ ಹೇಗೆ ಹಿಡಿಯಿತು, ಮೇಲೆ ತಗಡು ಕಟ್ಟಿದ್ದಿರಾ? ಒಣ ಮಾವಿನ ಕಟ್ಟಿಗೆ ಯಾರ ಮನೆಯಿಂದ ಬಂತು? ಕೊಳ್ಳಿ ಇಡುವಾಗ ಅಪ್ಪನ ಕೈ ನಡುಗಿ ನೀನು ಮೊಣಕೈ ಹಿಡಿದಿದ್ದೆ ಅಂತ ಆಯಿ ಒಮ್ಮೆ ಹೇಳಿದ್ದಳು, ಹೌದಾ?

ಮತ್ತೆ, ಯಾವ ಹೆಗಲು ಕೊಟ್ಟೆ? ಎಡವೋ, ಬಲವೋ?

ನಿನ್ನ ಬಾಲ್ಯದ ಗೆಳೆಯ
ಕಾರವಾರ