ಮೊದಲು ನೀರನ್ನು ಸಾಕು: ಗದಗಿನಲ್ಲಿರುವ ಅಣ್ಣನ ಮಗನಿಗೆ ಪತ್ರ

ಧಾರವಾಡ,
ಜನವರಿ 20

ಚಿರಂಜೀವಿ ಬಾಳುವಿಗೆ ನಿನ್ನ ಕಾಕಾನ ಅನೇಕ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಸಂಕ್ರಾಂತಿಗೆ ವೈನಿಯವರು ಕಳಿಸಿದ ಸಜ್ಜಿ ರೊಟ್ಟಿಯ ಕಟ್ಟು ನಿನ್ನೆಯವರೆಗೂ ಬಂದಿತು. ನೀನು ಫೋನಿನಲ್ಲಿ ಕಳಿಸಿದ ಚಿತ್ರವನ್ನು ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದೆ. ಕಪ್ಪು ಬೆನ್ನು, ಕೆಂಡದಂಥ ಹೊಟ್ಟೆ, ಹಲ್ಲಿಯ ಮೈಕಟ್ಟು. ಆದರೆ ನೀನು ಸಾಕಬೇಕೆಂದಿರುವ ಈ ನ್ಯೂಟ್ ಹಲ್ಲಿಯಲ್ಲ, ಕಪ್ಪೆಯಂತೆ ನೀರಿನಲ್ಲೂ ನೆಲದಲ್ಲೂ ಬದುಕುವ ಉಭಯವಾಸಿ. ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದರೂ ನ್ಯೂಟನ್ನು ನಾನು ನೋಡಿದ್ದು ಫಾರ್ಮಾಲಿನ್ ತುಂಬಿದ ಬಾಟಲಿಯೊಳಗೇ. ಜೀವಂತವಾಗಿ ಮನೆಯಲ್ಲಿಟ್ಟುಕೊಳ್ಳುವ ಆಸೆ ನಿನಗೆ ಹುಟ್ಟಿದ್ದರಲ್ಲಿ ತಪ್ಪೇನಿಲ್ಲ. ಗಾಜಿನ ತೊಟ್ಟಿ ಮತ್ತು ನ್ಯೂಟ್ ಎರಡನ್ನೂ ಒಂದೇ ದಿನ ತರುತ್ತೇನೆ ಎಂದು ಬರೆದಿದ್ದೀಯಲ್ಲ, ನನ್ನ ತಕರಾರು ಅದಕ್ಕೆ ಮಾತ್ರ.

1988ರಲ್ಲಿ ನನ್ನ ಪಡಸಾಲೆಯಲ್ಲಿ ನಡೆದದ್ದನ್ನು ಕೇಳು. ಆರು ಗೋಲ್ಡ್ ಫಿಶ್ ಸಾಕಿದ್ದೆ. ದೀಪಾವಳಿಗೆ ಮನೆಯೆಲ್ಲ ತೊಳೆಯುವಾಗ ತೊಟ್ಟಿಯನ್ನೂ ತೊಳೆಯೋಣವೆಂದು ನೀರನ್ನೆಲ್ಲ ಚೆಲ್ಲಿ, ಹರಳುಗಳನ್ನು ತೆಂಗಿನ ನಾರಿನಿಂದ ತಿಕ್ಕಿ, ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿದು ಕಂದು ನೀರು ನಿಲ್ಲುವ ತನಕ ಹಿಂಡಿ, ಆಗತಾನೇ ಬಂದ ನಳದ ನೀರನ್ನು ತುಂಬಿದೆ. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗತೊಡಗಿದವು. ಐದನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಅವನನ್ನು ಬೈದೆ. ನಾನು ಹಿಂಡಿ ಬಚ್ಚಲಿಗೆ ಬಿಟ್ಟ ಆ ಕಂದು ಕೊಳೆಯಲ್ಲೇ ತೊಟ್ಟಿಯ ಜೀವವಿತ್ತೆಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅದರ ಲೆಕ್ಕ ಹೀಗಿದೆ. ಪ್ರಾಣಿಯ ಮಲಮೂತ್ರ ಮತ್ತು ತಿನ್ನದೆ ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಮಿತಿಯಲ್ಲಿದ್ದರೆ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಈ ಎರಡೂ ಜಾತಿಯ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ, ಹರಳಿನ ಮೈಮೇಲೆ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆದ್ದರಿಂದ ತೊಟ್ಟಿ ತಂದು, ನೀರು ತುಂಬಿ, ಫಿಲ್ಟರ್ ಓಡಲು ಬಿಟ್ಟು, ಪ್ರಾಣಿಯೇ ಇಲ್ಲದ ಆ ನೀರಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಹೋಗು. ಮನೆಯವರು ನಗುತ್ತಾರೆ, ನಗಲಿ. ನೀರಿನ ಪರೀಕ್ಷೆಯ ಕಿಟ್ಟಿನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದು, ನೈಟ್ರೇಟ್ ಮಾತ್ರ ಕಾಣಿಸಿಕೊಂಡ ದಿನ ನಿನ್ನ ನೀರು ಬಲಿಯಿತೆಂದು ತಿಳಿ. ಮುಂದೆ ಸ್ಪಂಜು ತೊಳೆಯಬೇಕಾದಾಗ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಸಾಕು, ನಳದ ಹತ್ತಿರ ಒಯ್ಯಬೇಡ.

ನಳವೆಂದ ಮೇಲೆ ನಿಮ್ಮ ಗದಗಿನ ನೀರಿನ ಮಾತು ಬಂದೇ ಬರುತ್ತದೆ. ತುಂಗಭದ್ರೆಯ ನೀರು ನಿಮ್ಮ ಓಣಿಗೆ ಎಷ್ಟೋ ದಿನಕ್ಕೊಮ್ಮೆ ಬರುತ್ತದೆಂದು ಅಣ್ಣ ಗೊಣಗುತ್ತಲೇ ಇರುತ್ತಾನೆ. ತೊಟ್ಟಿಯ ಮಟ್ಟಿಗೆ ಆ ಕಷ್ಟದಿಂದ ಒಂದು ಲಾಭವೂ ಉಂಟು: ಬ್ಯಾರಲ್ಲಿನಲ್ಲಿ ತೆಳುವಾದ ಅರಿವೆ ಕಟ್ಟಿ ಇಟ್ಟ ನೀರಿನ ಕ್ಲೋರಿನ್ ಒಂದೆರಡು ದಿನಗಳಲ್ಲಿ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಹನಿಗಳು ಸಿಗುತ್ತವೆ. ಬೋರಿನ ನೀರು ಗಡಸು. ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುವಂಥದ್ದನ್ನು ಕಿಟ್ಟಿನಲ್ಲಿ ಪರೀಕ್ಷಿಸದೆ ತೊಟ್ಟಿಗೆ ಸುರಿಯಬೇಡ.

ತೊಟ್ಟಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದಿರಲಿ. ಅಂಚಿನವರೆಗೆ ತುಂಬಿದರೆ ಸುಮಾರು 57 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು ಸೇರಿ 70 ಕಿಲೋ ಹತ್ತಿರ ಹೋಗುವುದರಿಂದ ನಿನ್ನ ಓದುವ ಮೇಜಿನ ಮೇಲೆ ಬೇಡ. ಪಡಸಾಲೆಯ ಗೋಡೆಗೆ ಕೂಡಿಸಿದ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಥರ್ಮಾಕೋಲಿನ ಹಾಳೆ ಹಾಸಿ ಇಡು. ಪಡುವಣ ಕಿಟಕಿಯ ಬಿಸಿಲು ಅಲ್ಲಿಗೆ ತಲುಪಬಾರದು. ಸಣ್ಣ ಹರಳನ್ನು ಆಹಾರದ ಜೊತೆ ನ್ಯೂಟ್ ನುಂಗಿಬಿಡುತ್ತದೆ, ಆದ್ದರಿಂದ ಅದರ ಬಾಯಿಗೆ ಹಿಡಿಸದ ದೊಡ್ಡ ನುಣುಪು ಕಲ್ಲುಗಳನ್ನು ಹಾಕು. ರಭಸದ ನೀರು ಅದಕ್ಕೆ ಆಗಿಬರುವುದಿಲ್ಲ, ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಒಳ್ಳೆಯದು. ಆ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಮೊಳೆಗೆ ತೂಗುಹಾಕು, ಇಲ್ಲವಾದರೆ ಕರೆಂಟು ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪನ್ನೂ ಕೆಡಿಸಿ ನೆಲವನ್ನೂ ತೋಯಿಸುತ್ತದೆ. ನೀರಿನಿಂದ ಹೊರಬಂದು ಕೂಡಲು ತೇಲುವ ಬೆಂಡಿನ ತುಂಡು ಒಂದಿರಲಿ. ಮುಚ್ಚಳ ಮಾತ್ರ ಬಿಗಿಯಾಗಿರಬೇಕು: ಒದ್ದೆ ಮೈಯ ಈ ಪ್ರಾಣಿ ನೆಟ್ಟಗಿನ ಗಾಜನ್ನೂ ಹತ್ತುತ್ತದೆ, ಬೆರಳು ತೂರುವ ಸಂದಿನಿಂದ ಹೊರಬಿದ್ದು ಬೆಳಗಾಗುವಷ್ಟರಲ್ಲಿ ಸೋಫಾದ ಕೆಳಗೆ ಒಣಗಿ ಬಿದ್ದಿರುತ್ತದೆ.

ಇಷ್ಟನ್ನೆಲ್ಲ ನೀನು ಮಾಡಬಲ್ಲೆ. ನನಗೆ ಚಿಂತೆಯಿರುವುದು ಸೆಕೆಯದು. ಚೀನಾ, ಜಪಾನ್ ಕಡೆಯ ಈ ಕೆಂಪು ಹೊಟ್ಟೆಯ ನ್ಯೂಟುಗಳಿಗೆ 16ರಿಂದ 20 ಡಿಗ್ರಿಯ ತಣ್ಣನೆಯ ನೀರು ಬೇಕು. 24 ದಾಟಿ ಅಲ್ಲೇ ನಿಂತರೆ ಅವು ಆಹಾರ ಬಿಡುತ್ತವೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಈಗ ಜನವರಿಯ ಬೆಳಗಿನಲ್ಲಿ ನಿಮ್ಮ ಬ್ಯಾರಲ್ಲಿನ ನೀರು ಕೈ ಕೊರೆಯುತ್ತಿರಬೇಕು, ಅದನ್ನು ನಂಬಿ ಮೋಸಹೋಗಬೇಡ. ಏಪ್ರಿಲ್ ಬರಲಿ, ಮಲೆನಾಡಿನ ಗಾಳಿ ತಾಗುವ ನಮ್ಮ ಧಾರವಾಡದಲ್ಲೇ ಮಧ್ಯಾಹ್ನ ಪಾದ ಸುಡುತ್ತದೆ, ನಿಮ್ಮದಂತೂ ಬಯಲುಸೀಮೆ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ಆ ಒಣಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿದೀತು, ಹತ್ತು ಡಿಗ್ರಿ ಇಳಿಯದು. ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೇಲಿಬಿಡುವವರಿದ್ದಾರೆ, ಆದರೆ ತಾಸಿಗೊಮ್ಮೆ ತಣ್ಣಗೆ, ತಾಸಿಗೊಮ್ಮೆ ಬಿಸಿಯಾಗುವ ನೀರು ಇನ್ನಷ್ಟು ಕೆಟ್ಟದ್ದು. ನೀರು ತಣಿಸುವ ಚಿಲ್ಲರ್ ಯಂತ್ರದಿಂದ ಕೆಲಸವೇನೋ ಆಗುತ್ತದೆ, ಆದರೆ ಅದರ ಬೆಲೆ ತೊಟ್ಟಿಯ ಬೆಲೆಯ ಹಲವು ಪಟ್ಟು. ಕರೆಂಟು ಹೋದರೆ ಅದೂ ಸುಮ್ಮನೆ ಕೂಡುತ್ತದೆ.

ಆದ್ದರಿಂದ ಬೇಡವೆಂದು ನಾನು ಹೇಳುವುದಿಲ್ಲ, ನಿನ್ನ ವಹಿಯೇ ಹೇಳಲಿ. ತೊಟ್ಟಿಯಲ್ಲಿ ಒಂದು ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಒಂಬತ್ತಕ್ಕೆ ನೋಡಿ ಬರೆದಿಡು. ಮೇ ಮುಗಿಯುವ ತನಕ ಬರೆ. ಮಧ್ಯಾಹ್ನದ ಸಾಲಿನಲ್ಲಿ ಒಂದು ದಿನವೂ 22 ದಾಟದಂತೆ ನೀನು ನೀರನ್ನು ಕಾಯ್ದುಕೊಂಡರೆ, ನ್ಯೂಟಿನ ಖರ್ಚಿನಲ್ಲಿ ಅರ್ಧ ನನ್ನದು. ದಾಟಿದರೆ ಅದೇ ತೊಟ್ಟಿಗೆ ಗಪ್ಪಿ, ಮೋಲಿ ಮೀನುಗಳನ್ನು ತಂದು ಬಿಡು; ಅವು ಸೆಕೆಯನ್ನೂ ಗಡಸು ನೀರನ್ನೂ ತಾಳುತ್ತವೆ, ನೋಡಲೂ ಚೆಂದ. ಒಮ್ಮೆ ತಂದ ಮೇಲೆ ನ್ಯೂಟ್ ಹತ್ತು ಹದಿನೈದು ವರ್ಷ ಬದುಕುತ್ತದೆಂಬುದೂ ನೆನಪಿರಲಿ. ನೀನು ಇಂಜಿನಿಯರಿಂಗ್ ಓದಲು ಹೊರಟರೆ ಅದನ್ನು ನೋಡಿಕೊಳ್ಳುವವರು ವೈನಿಯವರು, ಅವರ ಒಪ್ಪಿಗೆ ಈಗಲೇ ಕೇಳು. ನ್ಯೂಟಿನ ಆಹಾರಕ್ಕೆ ಎರೆಹುಳು, ರಕ್ತಹುಳು ಎಂಬ ಕೆಂಪು ಕೀಟಮರಿ ಬೇಕು. ಹಿತ್ತಲಿನ ಗೊಬ್ಬರದ ಗುಂಡಿಯ ಎರೆಹುಳುವಿಗೆ ಅವರು ಹೂಂ ಎಂದಾರು. ಫ್ರಿಜ್ಜಿನಲ್ಲಿ ಮೊಸರಿನ ಗಡಿಗೆಯ ಪಕ್ಕ ಹೆಪ್ಪುಗಟ್ಟಿದ ರಕ್ತಹುಳುವಿನ ಪೊಟ್ಟಣ ಕಂಡರೆ ನೀನೂ ನಿನ್ನ ತೊಟ್ಟಿಯೂ ಅಂಗಳದಲ್ಲಿರುತ್ತೀರಿ.

ಇನ್ನು ನಿನಗೆ ನ್ಯೂಟ್ ಮಾರುವವನ ವಿಷಯ. ನ್ಯೂಟುಗಳು ನಮ್ಮ ಪಶ್ಚಿಮಘಟ್ಟದಲ್ಲಿ ಇಲ್ಲ. ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಲ್ಲಿರುವ ಹಿಮಾಲಯದ ನ್ಯೂಟಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಹೊರದೇಶದ್ದಾದರೆ ಆಮದಿನ ಕಾಗದ ಕೇಳು. 2022ರ ತಿದ್ದುಪಡಿಯ ನಂತರ ಕೆಲವು ವಿದೇಶಿ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಲೇಬೇಕು, ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ನಿನ್ನದು ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸು. ಕಾಗದವೆಂದೊಡನೆ ಮಾತು ತಿರುಗಿಸುವವನ ಹತ್ತಿರ ಕೊಳ್ಳಬೇಡ. ಏಷ್ಯಾದ ನ್ಯೂಟುಗಳ ಮೈಮೇಲೆ ಹೋದ ಒಂದು ಬೂಷ್ಟು ನೆದರ್ಲೆಂಡ್ಸಿನ ಕಾಡಿನಲ್ಲಿ ನ್ಯೂಟಿನ ಬಳಗದವೇ ಆದ ಸ್ಯಾಲಮ್ಯಾಂಡರುಗಳನ್ನು ಹೆಚ್ಚುಕಡಿಮೆ ಅಳಿಸಿಹಾಕಿತು, 2013ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಅದರ ಭಯಕ್ಕೇ ಅಮೆರಿಕ 2016ರಲ್ಲಿ 201 ಜಾತಿಗಳ ಆಮದನ್ನು ತಡೆಯಿತು. ನಮ್ಮ ಕಪ್ಪೆಗಳಿಗೆ ಅಂಥದ್ದೇನೂ ತಗಲಬಾರದು. ಬೇಸರವಾಯಿತೆಂದು ಪ್ರಾಣಿಯನ್ನಾಗಲಿ, ತೊಟ್ಟಿಯ ನೀರನ್ನಾಗಲಿ ಭೀಷ್ಮ ಕೆರೆಗೆ ಬಿಡಬೇಡ.

ಅದರ ಚರ್ಮದಲ್ಲಿ ವಿಷವಿದೆ, ಮುಟ್ಟಿದ ಮೇಲೆ ಕೈ ತೊಳೆ. ಮುಟ್ಟುವ ಮೊದಲು ಕೈಯಲ್ಲಿ ಸಾಬೂನಿನ ಅಂಶ ಉಳಿದಿರಬಾರದು, ಆ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ತೊಟ್ಟಿಯ ಬಕೀಟು ಬೇರೆಯೇ ಇರಲಿ, ಅಡುಗೆಮನೆಯದನ್ನು ಮುಟ್ಟಬೇಡ.

ಶಿವರಾತ್ರಿಗೆ ನಾನೇ ಗದಗಿಗೆ ಬರುತ್ತೇನೆ. ನನ್ನ ಹಳೆಯ ಮೀನಿನ ತೊಟ್ಟಿಯಲ್ಲಿ ಓಡಿ ಪಳಗಿದ ಸ್ಪಂಜೊಂದನ್ನು ಅದೇ ನೀರಿನ ಸಮೇತ ಸ್ಟೀಲ್ ಡಬ್ಬಿಯಲ್ಲಿ ತರುವೆ. ಅದನ್ನು ನಿನ್ನ ಫಿಲ್ಟರಿನ ಪಕ್ಕಕ್ಕೆ ಇಟ್ಟರೆ ನಿನ್ನ ಆರು ವಾರ ಎರಡು ಮೂರಕ್ಕೆ ಇಳಿದೀತು. ಬಸ್ಸಿನ ಪ್ರಯಾಣದಲ್ಲಿ ಅದು ಒಣಗಬಾರದು, ಬಿಸಿಲಿಗೆ ಕಾಯಬಾರದು, ಆದ್ದರಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ. ನಾನು ಬರುವ ಎರಡು ದಿನ ಮೊದಲೇ ಬ್ಯಾರಲ್ಲಿನ ನೀರನ್ನು ತೊಟ್ಟಿಗೆ ತುಂಬಿ, ಪಂಪು ಹಚ್ಚಿ, ಮೂಲೆಗಳಲ್ಲಿ ಸೋರುತ್ತದೆಯೇ ಎಂದು ಕೆಳಗೆ ಹಳೆಯ ಪೇಪರ್ ಹಾಸಿ ನೋಡಿಟ್ಟಿರು.

ಇಂತಿ ನಿನ್ನ ಹಿತಚಿಂತಕ,
ಕಾಕಾ