ಬೆಲ್ಟನ್ನು ತೆಗೆಯಬೇಡ

ಪ್ರಿಯ ಗೆಳೆಯ,

ಲೋಹ ಕಡೆಯುವ ಲೇತಿಗೆ ವಿಎಫ್‌ಡಿ ಡ್ರೈವ್ (ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಹೊಂದಿಸುವ ಪೆಟ್ಟಿಗೆ) ಹಾಕಿದ ಮೇಲೆ, ವೇಗ ಬದಲಿಸಲು ಬಳಸುವ ಮೆಟ್ಟಿಲು ಪುಲ್ಲಿ, ಬೆಲ್ಟುಗಳ ಕಾಟ ತಪ್ಪುತ್ತದೆಯೇ ಎಂದು ಕೇಳಿದ್ದೀಯೆ. ತಪ್ಪುವುದಿಲ್ಲ. ಅದೇ ಆಸೆಗೆ ಬಿದ್ದು ನಾನು ಒಂದು ಮಧ್ಯಾಹ್ನವನ್ನೂ ಹೆಚ್ಚುಕಡಿಮೆ ಒಂದು ಮೋಟಾರನ್ನೂ ಕಳೆದುಕೊಂಡವನು.

ಅಂದು ಕಡೆಯುವ ತುಂಡನ್ನು ಹಿಡಿಯುವ ಚಕ್ಕಿನಲ್ಲಿದ್ದದ್ದು 100 ಮಿಲಿಮೀಟರ್ ವ್ಯಾಸದ ಮೈಲ್ಡ್ ಸ್ಟೀಲ್ ಬಿಲ್ಲೆ. ಹೈಸ್ಪೀಡ್ ಸ್ಟೀಲ್ ಟೂಲಿಗೆ ನಿಮಿಷಕ್ಕೆ 30 ಮೀಟರ್ ಕತ್ತರಿಸುವ ವೇಗ ಹಿಡಿದರೆ, ಚಕ್ ಕೂರುವ ಸ್ಪಿಂಡಲ್ ನಿಮಿಷಕ್ಕೆ ಸುಮಾರು 95 ಸುತ್ತು ತಿರುಗಬೇಕು. ಬೆಲ್ಟ್ ಬದಲಿಸಲು ಸೋಮಾರಿತನವಾಗಿ, 475 ಸುತ್ತಿನ ಪುಲ್ಲಿಯಲ್ಲೇ ಬಿಟ್ಟು, ಡ್ರೈವನ್ನು 50ರಿಂದ 10 ಹರ್ಟ್ಸ್‌ಗೆ ಇಳಿಸಿದೆ. ಟೂಲ್ ತಾಗಿ ಬೆರಳುದ್ದದ ಸಿಪ್ಪೆ ಎದ್ದಿತಷ್ಟೆ, ಚಕ್ ನರಳಿ ನಿಂತಿತು. ಹಟ ಹಿಡಿದು ಮೂರು ಸಲ ಪ್ರಯತ್ನಿಸುವಷ್ಟರಲ್ಲಿ ಮೋಟಾರಿನ ಮೇಲೆ ಅಂಗೈ ಇಡಲಾಗದಷ್ಟು ಬಿಸಿಯಾಗಿತ್ತು.

ತಪ್ಪು ಡ್ರೈವಿನದಲ್ಲ. ಫ್ರೀಕ್ವೆನ್ಸಿ ಇಳಿದಂತೆ ಅದು ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುವುದರಿಂದ ತಿರುಚುಬಲ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಆದರೆ 0.75 ಕಿಲೋವಾಟ್ ಮೋಟಾರಿನಿಂದ 10 ಹರ್ಟ್ಸ್‌ನಲ್ಲಿ ಸಿಗುವ ಶಕ್ತಿ 0.15 ಕಿಲೋವಾಟ್ ಮಾತ್ರ. ಬೆಲ್ಟಿನಿಂದ ವೇಗವನ್ನು ಐದರಲ್ಲೊಂದು ಪಾಲಿಗೆ ಇಳಿಸಿದ್ದರೆ ತಿರುಚುಬಲ ಸುಮಾರು ಐದು ಪಟ್ಟಾಗುತ್ತಿತ್ತು. ಸಾಲದ್ದಕ್ಕೆ ಮೋಟಾರಿನ ಫ್ಯಾನ್ ಅದರ ಶಾಫ್ಟಿನ ಮೇಲೆಯೇ ಇರುವುದರಿಂದ, ಗಾಳಿ ಬೇಕಾದಾಗಲೇ ಅದು ನಿಧಾನವಾಗಿರುತ್ತದೆ. 50 ಹರ್ಟ್ಸ್ ದಾಟಿದರೆ ವೋಲ್ಟೇಜ್ ಏರದೆ ತಿರುಚುಬಲ ಕುಗ್ಗುತ್ತದೆ. ಹಾಗಾಗಿ ನಾನೀಗ 25ರಿಂದ 75 ಹರ್ಟ್ಸ್‌ನೊಳಗೆ ಮಾತ್ರ ಡ್ರೈವ್ ಬಳಸಿ, ಉಳಿದುದನ್ನು ಬೆಲ್ಟಿಗೆ ಬಿಟ್ಟಿದ್ದೇನೆ.

ಆದರೂ ಡ್ರೈವಿನ ವೇಗ ಬದಲಿಸುವ ಆ ನಾಬ್ ಇಲ್ಲದೆ ಕೆಲಸ ಮಾಡಲು ನನಗೀಗ ಮನಸ್ಸಿಲ್ಲ. ಫೇಸಿಂಗ್ ಮಾಡುವಾಗ, ಅಂದರೆ ತುಂಡಿನ ತುದಿಯ ಮುಖವನ್ನು ಸಮತಟ್ಟಾಗಿ ಕಡೆಯುವಾಗ, ಟೂಲ್ ಅಂಚಿನಿಂದ ನಡುವಿಗೆ ಸರಿದಂತೆ ಕತ್ತರಿಸುವ ವೇಗ ತಾನಾಗಿ ಕುಸಿಯುತ್ತದೆ. ಒಂದು ಕೈ ಹ್ಯಾಂಡಲಿನ ಮೇಲಿರುವಾಗಲೇ ಇನ್ನೊಂದರಿಂದ ನಾಬ್ ತಿರುಗಿಸುತ್ತ ಹೋದರೆ ಮೇಲ್ಮೈ ಕೊನೆಯವರೆಗೂ ಒಂದೇ ನಯದಲ್ಲಿ ಬರುತ್ತದೆ. ಜಾಬ್, ಅಂದರೆ ಕಡೆಯುವ ತುಂಡು, ಅದುರಿ ಕಿರುಚತೊಡಗಿದರೆ ವೇಗವನ್ನು ಕೊಂಚ ಇಳಿಸಿ ನೋಡು, ಎಷ್ಟೋ ಸಲ ಆ ಕಿರುಚಾಟ ಥಟ್ಟನೆ ನಿಲ್ಲುತ್ತದೆ.

ಇನ್ನು ವೈರಿಂಗ್. ಕಂಡೆನ್ಸರ್ ಮತ್ತು, ವೇಗ ಏರಿದಾಗ ತಾನಾಗಿ ಬಿಡಿಸಿಕೊಳ್ಳುವ ಸೆಂಟ್ರಿಫ್ಯೂಗಲ್ ಸ್ವಿಚ್ ಇರುವ ಸಿಂಗಲ್ ಫೇಸ್ ಮೋಟಾರ್ ಇದಕ್ಕೆ ಒಗ್ಗದು. ವೇಗ ಇಳಿದಾಗ ಸ್ವಿಚ್ ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟುಹೋಗುತ್ತದೆ. ತ್ರೀ ಫೇಸ್ ಮೋಟಾರೇ ಬೇಕು. 230 ವೋಲ್ಟ್ ಸಿಂಗಲ್ ಫೇಸ್ ಪಡೆಯುವ ಡ್ರೈವಿನಿಂದ ಹೊರಬರುವುದೂ 230 ವೋಲ್ಟಿನ ತ್ರೀ ಫೇಸ್. ಆದ್ದರಿಂದ 230/400 ಎಂದು ಬರೆದ ಮೋಟಾರಿನ ಟರ್ಮಿನಲ್ ಪಟ್ಟಿಗಳನ್ನು 400 ವೋಲ್ಟಿನ ಜೋಡಣೆಯಾದ ಸ್ಟಾರ್‌ನಿಂದ 230 ವೋಲ್ಟಿನ ಜೋಡಣೆಯಾದ ಡೆಲ್ಟಾಗೆ ಬದಲಿಸಬೇಕು. ಹಳೆಯ ಸ್ವಿಚ್ಚನ್ನು ಡ್ರೈವಿಗೂ ಮೋಟಾರಿಗೂ ನಡುವೆ ಉಳಿಸಬೇಡ. ಓಡುತ್ತಿರುವಾಗ ಅದನ್ನು ತೆರೆದರೆ ಡ್ರೈವ್ ಹಾಳಾಗಬಹುದು. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರುತ್ತದೆ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯದೆ ಮುಚ್ಚಳ ಬಿಚ್ಚಬೇಡ. ಗ್ರೈಂಡಿಂಗ್ ಪುಡಿಯಿಂದಲೂ ಅದನ್ನು ದೂರವಿಡು.

ನಿನ್ನ ಚಕ್ ಸ್ಪಿಂಡಲ್ಲಿಗೆ ಥ್ರೆಡ್ಡಿನಿಂದ ಕೂರುವುದೇ ಎಂಬುದನ್ನು ನೀನು ಬರೆದಿಲ್ಲ. ಹೌದಾದರೆ ಡ್ರೈವಿನಲ್ಲಿ ಮೋಟಾರ್ ನಿಲ್ಲುವ ಸಮಯವನ್ನು ಧಾರಾಳವಾಗಿ ಇಡು. ಸ್ಪಿಂಡಲ್ ಗಕ್ಕನೆ ನಿಂತರೆ ಭಾರದ ಚಕ್ ತನ್ನ ಓಟದಲ್ಲೇ ಬಿಚ್ಚಿಕೊಂಡು ಹಾರಬಲ್ಲದು. ಡ್ರೈವ್ ಕೊಳ್ಳುವ ಮೊದಲು ಮೋಟಾರಿನ ನೇಮ್‌ಪ್ಲೇಟಿನ ಫೋಟೊ ಕಳಿಸು.

ನಿನ್ನ ಗೆಳೆಯ