ಮಾರಾಯ, ಆ ಸ್ಪ್ರೇಯರ್ ತೆಗೆಯಬೇಡ

ಮಾರಾಯ,

ನೀನು ಕಳಿಸಿದ ಲಿಂಕ್ ನೋಡಿದೆ. 16 ಲೀಟರಿನ ಬ್ಯಾಟರಿ ಸ್ಪ್ರೇಯರ್, 4.3 ಸ್ಟಾರ್. ತೆಗೆಯಬೇಡ. ಪೆರ್ಲದ ಕೊಡೆಯ ಹಾಗೆ ಇನ್ನೊಂದು ಆಗುವುದು ಬೇಡ. (ಇದನ್ನು ಊರಿಡೀ ಓದುತ್ತದೆ, ಕೊಡೆಯ ವಿಷಯ ಇಲ್ಲಿಗೇ ಬಿಟ್ಟೆ.)

ಸ್ಟಾರ್ ಕೊಟ್ಟವರು ಯಾರೆಂದು ನೋಡು. 'ಪ್ಯಾಕಿಂಗ್ ಚಂದ ಉಂಟು, ಬೇಗ ಬಂತು' ಅಂದರೆ ಅದು ಡೆಲಿವರಿ ಹುಡುಗನಿಗೆ ಬಿದ್ದ ಮಾರ್ಕು. ಪೆಟ್ಟಿಗೆ ಒಡೆಯುವ ಮೊದಲೇ 'ರೇಟಿಂಗ್ ಕೊಡಿ' ಅಂತ ಮೇಲ್ ಬಂದರೆ ಜನ ಬೇರೆ ಎಂತ ಬರೆಯಬೇಕು? ಉಳಿದವರು ಟೆರೇಸಿನ ಗುಲಾಬಿಗೆ ಹೊಡೆಯುವವರು. ನಮ್ಮ 40 ಅಡಿ ಅಡಿಕೆ ಮರದ ಗೊನೆಗೆ ಆ ಮೋಟರಿನ ಪ್ರೆಶರ್ ಮುಟ್ಟುವುದಿಲ್ಲ. ಅದೂ ನಾವು ಕೊಳೆರೋಗಕ್ಕೆ ಬಿಡುವ ಮದ್ದು ಬೋರ್ಡೋ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಕಮ್ಮಿಯಾದರೆ ತುತ್ತು ಕಬ್ಬಿಣ ತಿನ್ನುತ್ತದೆ, ಸೋಸದಿದ್ದರೆ ಸುಣ್ಣದ ಹರಳು ನಾಝಲಿಗೆ ಕಟ್ಟುತ್ತದೆ. ಇದೆಲ್ಲ ತಿಳಿಯುವುದು ಒಂದು ಮಳೆಗಾಲ ದಾಟಿದ ಮೇಲೆ. ಹಾಗಾಗಿ ಮೂರು ಸ್ಟಾರಿನವರನ್ನು ಓದು. ವಾಷರ್, ಚಾರ್ಜರ್ ಅಂತ ಹೆಸರು ಹಿಡಿದು ಬೈದವನನ್ನು ನಂಬು. 8 ಲೀಟರಿನದ್ದೂ 16 ಲೀಟರಿನದ್ದೂ ಒಂದೇ ಪುಟದಲ್ಲಿದ್ದರೆ ಸ್ಟಾರ್ ಯಾವುದರದ್ದೆಂದು ದೇವರಿಗೇ ಗೊತ್ತು. ರಿವ್ಯೂಗಳಿಗೆಂದೇ 2022ರಲ್ಲಿ ಐಎಸ್ 19000 ಅಂತ ಒಂದು ಭಾರತೀಯ ಮಾನದಂಡ ಬಂತು; ಬಂದಾಗ ಕಡ್ಡಾಯ ಮಾತ್ರ ಆಗಿರಲಿಲ್ಲ.

ಇನ್ನು ಮೇಲ್‌ಗಳ ಉಪದ್ರ. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು ಅಂತ ಜಿಮೇಲ್ 2024ರಲ್ಲಿ ನಿಯಮ ತಂದಿದೆ. ಕಳಿಸಿದವರ ಹೆಸರಿನ ಪಕ್ಕದಲ್ಲೇ ಉಂಟು, ಒತ್ತು. ಗುರುತಿಲ್ಲದವರದ್ದು ಒತ್ತಬೇಡ, ಸ್ಪ್ಯಾಮಿಗೆ ಹಾಕು. ಒತ್ತಿದರೆ ಈ ವಿಳಾಸದಲ್ಲಿ ಜೀವ ಉಂಟು ಅಂತ ಅವರಿಗೆ ತಿಳಿಯುತ್ತದೆ. ಹೊಸ ಅಂಗಡಿಗೆ ವಿಳಾಸ ಕೊಡುವಾಗ ಜಿಮೇಲ್ ವಿಳಾಸದಲ್ಲಿ ನಿನ್ನ ಹೆಸರಿನ ನಂತರ, @ ಬರುವ ಮೊದಲು, ಒಂದು ಪ್ಲಸ್ ಚಿಹ್ನೆ ಮತ್ತು ಅಂಗಡಿಯ ಹೆಸರು ಸೇರಿಸು. ಮೇಲ್ ನಿನಗೇ ಬರುತ್ತದೆ, ವಿಳಾಸ ಮಾರಿದವರು ಯಾರೆಂದೂ ಸಿಕ್ಕಿಬೀಳುತ್ತದೆ. 'ಇನ್ನು ಎರಡೇ ಗಂಟೆ' ಅಂತ ಸುಳ್ಳೇ ಹೆದರಿಸುವುದು 2023ರ ಕೇಂದ್ರದ ಮಾರ್ಗಸೂಚಿ ಪ್ರಕಾರ ತಪ್ಪು, 1915ಕ್ಕೆ ದೂರು ಕೊಡಬಹುದು.

ಇಷ್ಟು ಉಪದೇಶ ಮಾಡುವ ನಾನು ಒಂದು ಅಂಗಡಿಯದ್ದು ಮಾತ್ರ ನಿಲ್ಲಿಸಿಲ್ಲ. ಆ ಆಪಿನಲ್ಲಿ ಭಾಷೆ ಕನ್ನಡ ಅಂತ ಇಟ್ಟದ್ದಕ್ಕೆ ನೋಟಿಫಿಕೇಶನ್ ಕನ್ನಡದಲ್ಲಿ ಬರುತ್ತದೆ. ಕಾಸರಗೋಡಿನ ನಮ್ಮಂಥ 671ರ ಪಿನ್‌ಕೋಡಿನವರಿಗೆ ಓಣಂ ಆಫರಿನಿಂದ ಡೆಲಿವರಿ ಫೋನಿನವರೆಗೆ ಎಲ್ಲ ಮಲಯಾಳದಲ್ಲೇ ಅಲ್ವಾ. ಇಡೀ ದಿನದಲ್ಲಿ ನನಗೆ ಕನ್ನಡದಲ್ಲಿ ಬರೆಯುವುದು ಆ ಯಂತ್ರ ಒಂದೇ ಅಂತ ಮೊನ್ನೆ ಹೊಳೆಯಿತು. ನೀನೂ ಲಿಂಕ್ ಮಾತ್ರ ಕಳಿಸುತ್ತೀಯಲ್ಲ, ಜೊತೆಗೆ ಒಂದು ಸಾಲಿಲ್ಲ.

ಇರಲಿ ಬಿಡು. ಅದರ ಕನ್ನಡವೂ ಅಷ್ಟರಲ್ಲೇ ಉಂಟು: 'ನಿಮ್ಮ ಬಂಡಿ ನಿಮಗಾಗಿ ಕಾಯುತ್ತಿದೆ!' ಎತ್ತು ಬೇರೆ ಆರ್ಡರ್ ಮಾಡಬೇಕೋ ಎಂತದೋ.

ಸ್ಪ್ರೇಯರ್ ಬೇಕೇ ಬೇಕೆಂದಾದರೆ ಬದಿಯಡ್ಕ ಪೇಟೆಗೆ ಬಾ, ನಾಝಲ್, ವಾಷರ್ ಬಿಡಿಯಾಗಿ ಸಿಗುತ್ತದೋ ಕೇಳಿಯೇ ತೆಗೆಯುವ. ಕೊಡೆ ತರಬೇಡ.